ಪದವಿ ಮದರಾಸಿನದು, ವೃತ್ತಿ ಮೈಸೂರಿನದು

ಹೊಸೂರಿನಿಂದ ಬೆಂಗಳೂರಿಗೆ ಹೊರಡುವ ಮುಂಜಾನೆಯ ಬಸ್ಸುಗಳಲ್ಲಿ ಕಾರ್ಖಾನೆಯ ಕಾರ್ಮಿಕರಷ್ಟೇ ಅಲ್ಲ, ಆಸ್ಪತ್ರೆಗಳಲ್ಲಿ ಕಲಿಯುವ, ದುಡಿಯುವ ನಮ್ಮ ಮಕ್ಕಳೂ ಇರುತ್ತಾರೆ. ಅವರಲ್ಲೊಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ, ತಳಿ ಕಡೆಯವಳು. ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೂರನೆಯ ತಿಂಗಳಲ್ಲಿ ಮನೆಗೆ ಬಂದು, ‘ಸಾರ್, ರೋಗಿಗಳು ಸಿಸ್ಟರ್ ಎಂದು ಕೂಗಿದರೆ ಹಿಂದೆ ಬೇರೆ ಯಾರೋ ನಿಂತಿದ್ದಾರೇನೋ ಎಂದು ತಿರುಗಿ ನೋಡುತ್ತೇನೆ. ಈ ಕೆಲಸ ನನ್ನದಲ್ಲವೇನೋ’ ಎಂದಳು. ಬಿಟ್ಟುಬಿಡುವ ಯೋಚನೆಯೂ ಅವಳಿಗಿತ್ತು. ನಾನು ಇತಿಹಾಸ ಪಾಠ ಮಾಡಿದವನು. ಬುದ್ಧಿವಾದ ಹೇಳುವುದಕ್ಕಿಂತ ಕಥೆ ಹೇಳುವುದೇ ನನಗೆ ರೂಢಿ. ಡಾ. ಪಲ್ಪು ಅವರ ಕಥೆ ಹೇಳಿದೆ.

ಪದ್ಮನಾಭನ್ ಪಲ್ಪು 1863ರ ನವೆಂಬರ್ 2ರಂದು ತಿರುವನಂತಪುರದಲ್ಲಿ ಈಳವ ಕುಟುಂಬದಲ್ಲಿ ಜನಿಸಿದರು. ತಿರುವಾಂಕೂರು ಸಂಸ್ಥಾನದಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಅವರಿಗೆ ಸ್ಥಳ ದೊರೆಯಲಿಲ್ಲ. ಜಾತಿ ಅಡ್ಡ ಬಂದಿತು. ಮದರಾಸಿಗೆ ಹೋಗಿ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ ಎಲ್.ಎಂ.ಎಸ್. ಪದವಿಯನ್ನು ಪಡೆದರು. ಪದವಿಯೊಡನೆ ಹಿಂದಿರುಗಿದಾಗ ತಾಯ್ನಾಡಿನ ಸರ್ಕಾರ ಉದ್ಯೋಗವನ್ನೂ ನಿರಾಕರಿಸಿತು. ಕೈಯಲ್ಲಿ ವೈದ್ಯನ ಪ್ರಮಾಣಪತ್ರವಿದ್ದರೂ ಊರಿನವರ ಕಣ್ಣಿಗೆ ಅವರು ಹಳೆಯ ಜಾತಿಯವರೇ ಆಗಿದ್ದರು.

ಆ ತರುಣನಿಗೆ ಬಾಗಿಲು ತೆರೆದದ್ದು ಮೈಸೂರು ಸಂಸ್ಥಾನ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲವದು. ಮೈಸೂರಿನಲ್ಲಿ ಜಾತಿಯ ಕಾಟವೇ ಇರಲಿಲ್ಲವೆಂದು ಹೊಗಳಲು ನಾನು ಸಿದ್ಧನಿಲ್ಲ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದವರ ಪಾಲನ್ನು ಕುರಿತು ವಿಚಾರಿಸಲು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಬೇಕಾಯಿತೆಂಬುದನ್ನು ಮರೆಯಬಾರದು. ಆದರೂ ಪಲ್ಪು ಅವರನ್ನು ವೈದ್ಯರೆಂದೇ ಕರೆದು, ವೈದ್ಯರ ಕೆಲಸವನ್ನೇ ಕೊಟ್ಟದ್ದು ಈ ಕನ್ನಡ ರಾಜ್ಯ.

ಮೊದಲ ವರ್ಷಗಳ ಕೆಲಸವೇನೂ ಬೆಡಗಿನದಾಗಿರಲಿಲ್ಲ. ಅದು ಸಿಡುಬಿನ ಲಸಿಕೆಗೆ ಸಂಬಂಧಿಸಿದ್ದು. ಆಗ ಲಸಿಕೆ ಸೀಸೆಯಲ್ಲಿ ಎಲ್ಲಿಂದಲೋ ಬರುತ್ತಿರಲಿಲ್ಲ. ಕರುವಿನ ಹೊಟ್ಟೆಯ ಕೂದಲನ್ನು ಬೋಳಿಸಿ, ಚರ್ಮವನ್ನು ಗೀರಿ, ಹಸುಸಿಡುಬಿನ ದ್ರವವನ್ನು ಹಚ್ಚಿ, ಕೆಲವು ದಿನಗಳ ಬಳಿಕ ಎದ್ದ ಗುಳ್ಳೆಗಳಿಂದ ಲಸಿಕೆಯನ್ನು ತೆಗೆಯಬೇಕಾಗಿತ್ತು. ಅದು ಬಿಸಿಲಿಗೆ ಕೆಡುವ ವಸ್ತು. ಜನರೋ, ದೇವಿ ಹಾಕುವವರು ಬಂದರೆಂದರೆ ಮಕ್ಕಳನ್ನು ಬಚ್ಚಿಡುತ್ತಿದ್ದರು. ಕೊಟ್ಟಿಗೆಯ ವಾಸನೆ, ಜನರ ಸಂಶಯ ಇವೆರಡರ ನಡುವೆ ಹೊಸ ವೈದ್ಯನ ಕೈ ಪಳಗಬೇಕಾಗಿತ್ತು. ಪಲ್ಪು ಅವರ ಬಗ್ಗೆ ಬರೆಯುವವರು ಈ ಭಾಗವನ್ನು ಬೇಗನೆ ದಾಟಿ ಅವರ ಹೋರಾಟಕ್ಕೆ ಹೋಗಿಬಿಡುತ್ತಾರೆ. ನನಗೆ ಇದೇ ಮುಖ್ಯವೆನಿಸುತ್ತದೆ.

1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ರೋಗದ ಸೂಕ್ಷ್ಮಾಣುವನ್ನು ಯೆರ್ಸಿನ್ 1894ರಲ್ಲಿಯೇ ಗುರುತಿಸಿದ್ದರು. ಆದರೆ ಅದನ್ನು ಇಲಿಯಿಂದ ಮನುಷ್ಯನಿಗೆ ತರುವುದು ಚಿಗಟವೆಂಬ ಮಾತನ್ನು ವೈದ್ಯಲೋಕ ಇನ್ನೂ ಒಪ್ಪಿರಲಿಲ್ಲ. ವೈದ್ಯರ ಬಳಿ ಮದ್ದೂ ಇಲ್ಲ, ಸರಿಯಾದ ಕಾರಣವೂ ಇಲ್ಲ. ಪೇಟೆಯ ಜನ ಮನೆಗಳಿಗೆ ಬೀಗ ಹಾಕಿ ಓಡಿದರು. ಹೊಸೂರು ಸೀಮೆ ಅಂದು ಸೇಲಂ ಜಿಲ್ಲೆಯಲ್ಲಿತ್ತು. ಗಡಿಯೆಂಬುದು ಕಾಗದದ ಮೇಲಿತ್ತೇ ಹೊರತು ಇಲಿಗಳಿಗಿರಲಿಲ್ಲ. ‘ಇಲಿ ಬಿತ್ತೆಂದರೆ ಊರು ಬಿಡಬೇಕು, ಹೊಲದಲ್ಲಿ ಗುಡಿಸಲು ಹಾಕಬೇಕು’ ಎಂದು ನಮ್ಮಜ್ಜಿ, ತನ್ನ ಹಿರಿಯರಿಂದ ಕೇಳಿದ್ದನ್ನು, ನಮಗೆ ಹೇಳುತ್ತಿದ್ದರು. ತೊಡೆಸಂದಿಯಲ್ಲಿ ಗೆಡ್ಡೆ ಕಾಣಿಸಿಕೊಂಡವರ ಬಳಿ ಸ್ವಂತ ಮಕ್ಕಳೇ ಹೋಗಲು ಹೆದರುತ್ತಿದ್ದ ಕಾಲ.

ಆಗ ಪ್ಲೇಗು ಶಿಬಿರದ ಹೊಣೆ ಹೊತ್ತವರು ಪಲ್ಪು. ಬದುಕುವರೋ ಇಲ್ಲವೋ ತಿಳಿಯದ ರೋಗಿಗಳನ್ನು ದಿನವೂ ಕಾಣಬೇಕು, ಸತ್ತವರ ಸಂಸ್ಕಾರವನ್ನೂ ನೋಡಿಕೊಳ್ಳಬೇಕು. ಅವರ ವಯಸ್ಸು ಆಗ ಮೂವತ್ತೈದು. ಬೆಂಗಳೂರಿನಲ್ಲಿಯೇ ಜನಿಸಿದ ಮಗನಿಗೆ ಮೂರು ವರ್ಷ. ಆ ಮಗುವೇ ಮುಂದೆ ನಟರಾಜ ಗುರುಗಳೆಂದು ಹೆಸರಾದವರು. ಚಿಕ್ಕ ಮಗುವನ್ನು ಮನೆಯಲ್ಲಿ ಬಿಟ್ಟು ಹೊರಡುತ್ತಿದ್ದ ಆ ಬೆಳಗುಗಳು ಹೇಗಿದ್ದಿರಬಹುದೆಂದು ಯೋಚಿಸಿದಾಗಲೆಲ್ಲ ನನಗೆ ಮಾತು ನಿಲ್ಲುತ್ತದೆ. ವೈದ್ಯನೆಂಬ ಹೆಸರು ಅವರ ಮೈಗೂಡಿದ್ದು ಮದರಾಸಿನಲ್ಲಿ ಪದವಿ ಪಡೆದ ದಿನವಲ್ಲ, ಈ ಶಿಬಿರದಲ್ಲಿ ಎಂಬುದು ನನ್ನ ಅಭಿಪ್ರಾಯ. ಅನಂತರ ಮೈಸೂರು ಸರ್ಕಾರವೇ ಅವರನ್ನು ಉನ್ನತ ವ್ಯಾಸಂಗಕ್ಕಾಗಿ ಯೂರೋಪಿಗೆ ಕಳುಹಿಸಿತು.

ಮೈಸೂರಿನ ಸಂಬಳ ತಿನ್ನುತ್ತಿದ್ದಾಗಲೂ ಅವರು ತಾಯ್ನಾಡನ್ನು ಮರೆಯಲಿಲ್ಲ. 1896ರಲ್ಲಿ 13,176 ಮಂದಿಯ ಸಹಿಯುಳ್ಳ ಈಳವ ಮನವಿಯನ್ನು ತಿರುವಾಂಕೂರಿನ ಮಹಾರಾಜರಿಗೆ ಸಲ್ಲಿಸಿದರು. ಶಾಲೆ ಮತ್ತು ಸರ್ಕಾರಿ ಉದ್ಯೋಗಗಳು ತಮ್ಮವರಿಗೂ ತೆರೆದಿರಬೇಕೆಂಬುದು ಬೇಡಿಕೆ. 1903ರಲ್ಲಿ ನಾರಾಯಣ ಗುರುಗಳ ಅಧ್ಯಕ್ಷತೆಯಲ್ಲಿ ಎಸ್.ಎನ್.ಡಿ.ಪಿ. ಯೋಗಂ ಸ್ಥಾಪನೆಯಾದಾಗ ಅದರ ಹಿಂದೆ ನಿಂತವರಲ್ಲಿಯೂ ಅವರು ಪ್ರಮುಖರು. ಪಲ್ಪು ನಿಧನರಾದದ್ದು 1950ರ ಜನವರಿ 25ರಂದು. ಅಸ್ಪೃಶ್ಯತೆಯನ್ನು ರದ್ದುಗೊಳಿಸುವ ಹದಿನೇಳನೆಯ ವಿಧಿಯನ್ನುಳ್ಳ ಸಂವಿಧಾನ ಜಾರಿಗೆ ಬಂದದ್ದು ಮರುದಿನ.

ಹುಡುಗಿ ಎಲ್ಲವನ್ನೂ ಕೇಳಿ, ಕಾಫಿ ಲೋಟವನ್ನು ಕೆಳಗಿಟ್ಟು, ‘ಕರುವಿನ ಹೊಟ್ಟೆ ಬೋಳಿಸುವುದಕ್ಕಿಂತ ನನ್ನ ಕೆಲಸ ವಾಸಿ ಸಾರ್’ ಎಂದು ನಕ್ಕಳು. ಮಾರನೆಯ ದಿನ ಅವಳಿಗೆ ಬೆಳಗಿನ ಪಾಳಿಯಿತ್ತು. ಐದೂವರೆಯ ಬಸ್ಸು ಹಿಡಿಯಬೇಕೆಂದು ಬೇಗ ಹೊರಟಳು.