ದುಡ್ಡಿಗೆ ಲೆಕ್ಕವಿಲ್ಲದಿದ್ದರೂ ಜಾವಾ

ದುಡ್ಡಿನ ಚಿಂತೆಯೇ ಇಲ್ಲದಿದ್ದರೆ ಯಾವ ಬೈಕು ಕೊಳ್ಳಬೇಕು? ಈ ಪ್ರಶ್ನೆ ಕೇಳುವುದಕ್ಕೆ ಹೈದರಾಬಾದಿಗಿಂತ ತಕ್ಕ ಊರು ಸಿಗಲಾರದು. ಅಲ್ಲಿನ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ 1911ರಲ್ಲಿ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರೊಂದನ್ನು ಸಿಂಹಾಸನದಂಥ ಆಸನ ಇಟ್ಟು ಕಟ್ಟಿಕೊಡಲು ಹೇಳಿಕಳಿಸಿದ. ಅದು ಊರು ಮುಟ್ಟುವ ಮೊದಲೇ ತೀರಿಕೊಂಡ. ಅವನ ಮಗ ಉಸ್ಮಾನ್ ಅಲಿ ಖಾನ್ ಜಗತ್ತಿನ ಅತಿ ದೊಡ್ಡ ಶ್ರೀಮಂತನೆಂದು 1937ರಲ್ಲಿ ಟೈಮ್ ಪತ್ರಿಕೆಯ ಮುಖಪುಟಕ್ಕೆ ಬಂದವನು. ಆದರೂ ಆ ಹಳದಿ ಕಾರು ಓಡಿದ್ದು ಕೆಲವೇ ನೂರು ಮೈಲಿ. ಇವತ್ತಿಗೂ ಅದು ಚೌಮಹಲ್ಲಾ ಅರಮನೆಯಲ್ಲಿ ನಿಂತೇ ಇದೆ. ಅಲ್ಲಿಂದ ಮೂಸಿ ನದಿ ದಾಟಿ ಈಶಾನ್ಯಕ್ಕೆ ಹೋದರೆ ಹಬ್ಸಿಗುಡ, ಉಪ್ಪಲ್‌ಗಳ ಮಗ್ಗುಲಲ್ಲಿ ನಾಚಾರಂ. ಶೆಡ್ಡು, ಕಾರ್ಖಾನೆಗಳ ಈ ಕೈಗಾರಿಕಾ ಪ್ರದೇಶದಲ್ಲಿ ಬೈಕು ಎಂದರೆ ಪಾಳಿಗೆ ಹೊತ್ತಿಗೆ ಸರಿಯಾಗಿ ತಲುಪಿಸುವ ಗಾಡಿ. ಅರಮನೆಯ ಕಾರಿಗೂ ನಾಚಾರಂನ ಬೈಕಿಗೂ ಇರುವ ದೂರವನ್ನು ಬೆಲೆಯಿಂದ ಅಳೆಯುವುದು ಸುಲಭ. ಓಡಾಟದಿಂದ ಅಳೆದರೆ ಬೇರೆಯೇ ಉತ್ತರ ಸಿಗುತ್ತದೆ. ಒಂದು ಗಾಡಿ ಕನಸಿನದಾಗುವುದು ಅದು ದಿನವೂ ಓಡಿದಾಗ, ಕೆಟ್ಟರೆ ಬಿಚ್ಚಿ ಕೂಡಿಸಬಲ್ಲ ಕೈಗಳು ಅದೇ ಊರಿನಲ್ಲಿ ಸಿಕ್ಕಾಗ ಎಂಬುದು ನನ್ನ ವಾದ. ಮೈಸೂರಿನ ಜಾವಾದ ಚರಿತ್ರೆಯೇ ಅದಕ್ಕೆ ಸಾಕ್ಷಿ.

ಜಾವಾದ ಹುಟ್ಟಿನಲ್ಲೇ ಈ ಪಾಠವಿದೆ. ಚೆಕ್ ಎಂಜಿನಿಯರ್ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯ ವಿನ್ಯಾಸವನ್ನು ಕೊಂಡು, ಎರಡು ಹೆಸರುಗಳ ಮೊದಲಕ್ಷರಗಳನ್ನು ಜೋಡಿಸಿ 1929ರಲ್ಲಿ ಜಾವಾ ಎಂದು ಹೆಸರಿಟ್ಟ. ಮೊದಲು ಬಂದದ್ದು 500 ಸಿಸಿಯ ಭಾರಿ, ದುಬಾರಿ ಗಾಡಿ. ಅದಕ್ಕೆ ಗಿರಾಕಿಗಳು ಸಾಲಲಿಲ್ಲ. ಕಂಪನಿಯನ್ನು ಉಳಿಸಿದ್ದು 1932ರಲ್ಲಿ ಬಂದ, ಇಂಗ್ಲೆಂಡಿನ ವಿಲಿಯರ್ಸ್ ಎಂಜಿನ್ನಿನ 175 ಸಿಸಿಯ ಅಗ್ಗದ ಟೂ ಸ್ಟ್ರೋಕ್. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ಕಣ್ಣು ತಪ್ಪಿಸಿ ಅಲ್ಲಿನ ಕೆಲಸಗಾರರು ರೂಪಿಸಿದ ಪೆರಾಕ್ 250 ಯುದ್ಧ ಮುಗಿದ ಮೇಲೆ, 1946ರಲ್ಲಿ ಜನರೆದುರಿಗೆ ಬಂತು. ಗೇರು ಒತ್ತಿದರೆ ಕ್ಲಚ್ ತಾನಾಗಿ ಬಿಡುವ ಏರ್ಪಾಡು ಅದರಲ್ಲಿತ್ತು. ಹೊಸಬನೂ ಓಡಿಸಬಲ್ಲ ಗಾಡಿ ಬೇಕೆಂದು ಯೋಚಿಸಿದವರ ಕೆಲಸ ಅದು.

ಆ ವಂಶದ ಗಾಡಿ ಮೈಸೂರಿಗೆ ಬಂದದ್ದು ಬೊಂಬಾಯಿಯ ಇರಾನಿ ಮನೆತನದಿಂದ. ವಿದೇಶಿ ವಿನಿಮಯದ ಬರ ಬಂದು ಆಮದು ಬಿಗಿಯಾದಾಗ, ಇಲ್ಲೇ ತಯಾರಿಸುವುದೊಂದೇ ದಾರಿಯಾಯಿತು. ರುಸ್ತುಂ ಮತ್ತು ಫಾರೂಖ್ ಇರಾನಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯನ್ನು ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ಪರವಾನಗಿಯ ಒಪ್ಪಂದ ಮುಗಿದ ಮೇಲೆ, 1973ರಿಂದ, ಗಾಡಿಯ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. ಆದರೆ ಗಮನ ನಿಲ್ಲಬೇಕಾದದ್ದು ಎಂಜಿನ್ನಿನ ಸರಳತೆಯಲ್ಲಿ. 250 ಸಿಸಿಯ ಒಂದೇ ಸಿಲಿಂಡರ್, ಅದಕ್ಕೆ ಎಡಬಲ ಎರಡು ಸೈಲೆನ್ಸರ್. ಕವಾಟಗಳಿಲ್ಲ, ಕ್ಯಾಮ್ ಇಲ್ಲ. ಹೆಡ್ಡು ಬಿಚ್ಚಿದರೆ ಪಿಸ್ಟನ್ ಕಣ್ಣೆದುರು. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕುವುದರಿಂದ ಆಯಿಲ್ ಪಂಪು ಕೂಡ ಬೇಡ. ಚೈನು ಪೂರ್ತಿ ಕವಚದೊಳಗೆ, ಮಣ್ಣುರಸ್ತೆಯ ದೂಳಿಗೆ ಸಿಗದು. ಇನ್ನು ಆ ಕಿಕ್ಕರ್: ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ಎತ್ತಿದರೆ ಅದೇ ಕಿಕ್ಕರ್. ಒಂದು ಲಿವರಿಗೆ ಎರಡು ಕೆಲಸ ಹೇಳಿದ ಆ ಜಾಣ್ಮೆಗೆ ಸಾಟಿಯಾದದ್ದು ಇವತ್ತಿನ ಲಕ್ಷಗಟ್ಟಲೆ ಬೆಲೆಯ ಗಾಡಿಗಳಲ್ಲೂ ನನಗೆ ಕಾಣುವುದಿಲ್ಲ. ಇಂಥ ಎಂಜಿನ್ನನ್ನು ಕಲಿಯಲು ಕಾಲೇಜು ಬೇಕಿರಲಿಲ್ಲ, ಒಬ್ಬ ಮೇಸ್ತ್ರಿ ಸಾಕಿತ್ತು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಬೇರೆ ಗತಿಯಿಲ್ಲದೆ ಕೊಂಡದ್ದನ್ನು ಕನಸು ಎನ್ನುವುದು ಹೇಗೆ? 1951ರ ಕೈಗಾರಿಕಾ ಕಾಯ್ದೆಯಡಿ ಯಾರು ಏನನ್ನು ಎಷ್ಟು ತಯಾರಿಸಬೇಕೆಂದು ತೀರ್ಮಾನಿಸುತ್ತಿದ್ದುದು ಸರ್ಕಾರ. ಮೋಟಾರ್‌ಸೈಕಲ್ ಬೇಕೆಂದವನ ಮುಂದೆ ಇದ್ದದ್ದು ಮುಖ್ಯವಾಗಿ ಮೂರು ಹೆಸರು: ಮದರಾಸಿನ ಎನ್‌ಫೀಲ್ಡ್ ಬುಲೆಟ್, ಎಸ್ಕಾರ್ಟ್ಸ್‌ನ ರಾಜದೂತ್, ಮೈಸೂರಿನ ಜಾವಾ. ಕಿಸೆಯಲ್ಲಿ ಹಣವಿದ್ದರೂ ಅನುಮತಿಯ ಗೋಡೆ ದಾಟಲಾಗದ ಕಾಲ. ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ, ಒಪ್ಪುತ್ತೇನೆ. 1984-85ರಲ್ಲಿ ಜಪಾನೀ ಪಾಲುದಾರಿಕೆಯ 100 ಸಿಸಿ ಗಾಡಿಗಳು, ಹೊಸೂರಿನ ಇಂಡ್ ಸುಜುಕಿ, ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100, ಬಂದದ್ದೇ ತಡ, ಗಿರಾಕಿಗಳು ಅತ್ತ ಹೋದರು. ಪೆಟ್ರೋಲ್ ಕುಡಿಯುವ ಯೆಜ್ಡಿ ಸಂಬಳದ ಮನೆಗಳಿಗೆ ಭಾರವಾಯಿತು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ಬದುಕು ಕಳೆದುಕೊಂಡ ಕಾರ್ಮಿಕರ ಪಾಲಿಗೆ ಅದು ಕನಸಿನ ಮಾತಾಗಿರಲಿಲ್ಲ.

ಆದರೆ ಗತಿಯಿಲ್ಲದ ಪ್ರೀತಿಯಾಗಿದ್ದರೆ ಗತಿ ಸಿಕ್ಕ ದಿನವೇ ಅದು ಮುಗಿಯಬೇಕಿತ್ತು. ಆದದ್ದು ಬೇರೆ. ಹೊಸ ಗಾಡಿ ಸಾಲದ ಮೇಲೆ ಸಲೀಸಾಗಿ ಸಿಗುವ ಕಾಲದಲ್ಲೇ ಮೈಸೂರು, ಬೆಂಗಳೂರುಗಳಲ್ಲಿ ಹಳೆಯ ಜಾವಾ, ಯೆಜ್ಡಿಗಳನ್ನು ಹುಡುಕಿ ತಂದು ಜೀವ ಕೊಡುವವರು ಹುಟ್ಟಿಕೊಂಡರು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯೆಜ್ಡಿ ದಿನವೆಂದು ಸಾಲಾಗಿ ಹೊರಡುವ ರೂಢಿ ಬಂತು. ಹಂಬಲ ಎಷ್ಟು ಆಳವಾದದ್ದೆಂದರೆ, 2018ರಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನು ಮರಳಿ ತಂದಾಗ, ಫೋರ್ ಸ್ಟ್ರೋಕಿನ ಒಂಟಿ ಸಿಲಿಂಡರಿಗೂ ಎರಡು ಸೈಲೆನ್ಸರ್ ಜೋಡಿಸಿತು. ಗಾಡಿ ತಯಾರಾಗುವುದು ಮಾತ್ರ ಮಧ್ಯಪ್ರದೇಶದ ಪೀಥಂಪುರದಲ್ಲಿ.

ಹಳೆಯದನ್ನು ಹಾಡಿ ಹೊಗಳುವುದು ಸುಲಭ, ಟೂ ಸ್ಟ್ರೋಕಿನ ಹೊಗೆ ಕುಡಿದವರು ಯಾರು ಎಂದೂ ಕೇಳಬಹುದು. ಅದು ಸರಿಯಾದ ಪ್ರಶ್ನೆ. ಸುಡದೆ ಉಳಿದ ಪೆಟ್ರೋಲನ್ನೂ ಆಯಿಲನ್ನೂ ಗಾಳಿಗೆ ಬಿಡುವ ಎಂಜಿನ್ನು ಇವತ್ತಿನ ಊರುಗಳ ರಸ್ತೆಗೆ ಸಾವಿರಗಟ್ಟಲೆ ಇಳಿಯಬೇಕೆಂದು ನಾನು ಹೇಳಲಾರೆ. ನನ್ನ ಮಾತು ಆ ಪ್ರೀತಿ ಎಲ್ಲಿಂದ ಹುಟ್ಟಿತು ಎಂಬುದರ ಬಗ್ಗೆ. ಬಿಚ್ಚಿ ಕೂಡಿಸಬಲ್ಲ ಕೈಗಳು ಹತ್ತಿರವಿರಬೇಕೆಂಬುದನ್ನು ದುಬಾರಿ ಗಾಡಿಗಳೂ ಹೇಳುತ್ತವೆ. ಹಾರ್ಲೆ ಡೇವಿಡ್‌ಸನ್ 2020ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ತಯಾರಿಕೆ ನಿಲ್ಲಿಸುತ್ತೇನೆಂದಾಗ, ಬೆಲೆಯ ಯೋಚನೆಯಿಲ್ಲದೆ ಅದನ್ನು ಕೊಂಡವರಿಗೂ ಹತ್ತಿದ ಚಿಂತೆ ಬಿಡಿಭಾಗ, ಸರ್ವೀಸಿನದು. ಮರುತಿಂಗಳು ಹೀರೋ ಕಂಪನಿ ಆ ಹೊಣೆ ವಹಿಸಿಕೊಳ್ಳಬೇಕಾಯಿತು.

ಹಾಗಾಗಿ ನನ್ನ ಆಯ್ಕೆ ಅರವತ್ತರ ದಶಕದ ಮೈಸೂರು ಜಾವಾ 250, ಕೆಂಗಂದು ಬಣ್ಣದ್ದು, ಟ್ಯಾಂಕಿನ ಮಗ್ಗುಲಿಗೆ ಕ್ರೋಮ್ ಹೊಳೆಯುವಂಥದ್ದು. ಗಾಡಿಗೆ ಆಗುವ ಖರ್ಚು ಕಳೆದು ಉಳಿಯುವ ಲೆಕ್ಕವಿಲ್ಲದ ದುಡ್ಡಿನಲ್ಲಿ ಮೈಸೂರಿನಲ್ಲೊಂದು ಲೇತು ಹಾಕಿಸಿ, ಪಿಸ್ಟನ್, ರಿಂಗು, ಕ್ಲಚ್ ಪ್ಲೇಟುಗಳನ್ನು ಅಲ್ಲೇ ಮಾಡಿಸಬೇಕು. ಹಳೆಯ ಮೇಸ್ತ್ರಿಗಳಿಗೆ ಒಳ್ಳೆಯ ಸಂಬಳ ಕೊಟ್ಟು, ಅವರ ಪಕ್ಕಕ್ಕೆ ಇಬ್ಬರು ಹುಡುಗರನ್ನೂ ಇಬ್ಬರು ಹುಡುಗಿಯರನ್ನೂ ಕೂರಿಸಬೇಕು.