ಆಟದ ಪೆಟ್ಟಿಗಿಗೆ ಎಷ್ಟು ಕ್ವಿಂಟಲ್ ಶೇಂಗಾ?

ಅಕ್ಕಾರ, ತಂಗೇರ, ಈ ಸಲ ಅಡಿಗಿಮನಿ ಬಿಟ್ಟು ಟಿವಿ ಕಡಿ ಹೋಗೋಣ. ಕಾನಹೊಸಹಳ್ಳಿ ಆಗಲಿ, ಕೂಡ್ಲಿಗಿ, ಕೊಟ್ಟೂರು ಆಗಲಿ, ಬೆಂಗಳೂರಾಗ ಓದೋ ಮಕ್ಕಳಿರೋ ಮನ್ಯಾಗ ಈಗ ಒಂದು ಮಾತು ಏಳ್ತೈತಿ: "ಅವ್ವಾ, ಪ್ಲೇಸ್ಟೇಷನ್ ತಗಳ್ಳೇನು?" ಬೆಲಿ ಕೇಳಿದ್ರ ಐವತ್ತು ಸಾವಿರದ ಮ್ಯಾಲೆ. "ಆಟದ ಸಾಮಾನಿಗೆ ಅಷ್ಟು ರೊಕ್ಕೇನೋ?" ಅಂತೀವಿ ನಾವು. "ತಾಸಿನ ಲೆಕ್ಕ ಹಾಕಿ ನೋಡಬೇ, ಸಿನಿಮಾಕ್ಕಿಂತ ಅಗ್ಗ" ಅಂತಾರ ಅವರು. ಈ ಜಗಳ ನಮ್ಮ ಮನ್ಯಾಗ ಹುಟ್ಟಿದ್ದಲ್ಲ, ಐವತ್ತು ವರ್ಷದ್ದು. ಅದರ ಚರಿತ್ರಿ ತಿಳ್ಕಂಡ್ರ ನಮಗೂ ಒಂದು ಲೆಕ್ಕ ಸಿಗ್ತೈತಿ ಅನ್ನಿಸಿ ಬರೀತೀನಿ.

ಆಟಕ್ಕ ರೊಕ್ಕ ಕೊಡೋದೇ ನಮಗ ಹೊಸಾದು. ಹಂಪ್ಯಾಗ ಮಂಟಪದ ಹಾಸುಗಲ್ಲು ನೋಡ್ಕಂತ ಹೋದ್ರ ಅಲ್ಲಲ್ಲಿ ಗೆರಿ ಕೊರದು ಆಟದ ಮನಿ ಮಾಡಿರೋದು ಕಾಣ್ತೈತಿ. ಯಾರೋ ಕುಂತು ಆಡ್ಯಾರ, ಎದ್ದು ಹೋಗ್ಯಾರ, ಗೆರಿ ಮಾತ್ರ ಉಳಿದಾವ. ನಮ್ಮ ಪಡಸಾಲ್ಯಾಗ ಚೌಕಾಬಾರಕ್ಕ ಬೇಕಾಗಿದ್ದು ಒಂದು ಸುಣ್ಣದ ಚೂರು, ನಾಕು ಕವಡಿ. ಕವಡಿ ಇಲ್ಲಂದ್ರ ಹುಣಸಿ ಬೀಜ ಕಲ್ಲಿಗೆ ತಿಕ್ಕಿ ಒಂದು ಮಗ್ಗಲು ಬಿಳೇದು ಮಾಡಿದ್ರ ಆತು. ಅಳಗುಳಿ ಮಣಿಗೆ ಹದಿನಾಲ್ಕು ಗುಣಿ, ಬೊಗಸಿ ತುಂಬ ಬೀಜ. ಖರ್ಚೇ ಇಲ್ಲದ್ದಕ್ಕ "ಇದು ಬೆಲಿಗೆ ತಕ್ಕದ್ದೇನು?" ಅಂತ ಯಾರೂ ಕೇಳಲಿಲ್ಲ. ನಾವು ಹೆಣ್ಮಕ್ಕಳು ಆಡಿ ಬೆಳದದ್ದೆಲ್ಲ ಇಂಥ ಪುಕ್ಕಟೆ ಆಟಗಳೇ. ಈ ಮಾತಿಗೆ ಆಮ್ಯಾಲೆ ಬರ್ತೀನಿ.

ಟಿವಿಗೆ ಜೋಡ್ಸೋ ಆಟದ ಪೆಟ್ಟಿಗಿಗೆ ಕನ್ಸೋಲ್ ಅಂತಾರ. ಮಾರಾಟಕ್ಕ ಬಂದ ಮೊದಲನೇದು ಅಮೆರಿಕದ ಮ್ಯಾಗ್ನವಾಕ್ಸ್ ಕಂಪನಿಯ ಒಡಿಸ್ಸಿ, 1972ರಾಗ. ಅದರ ಹಿಂದಿದ್ದವರು ರಾಲ್ಫ್ ಬೇರ್ ಅನ್ನೋ ಎಂಜಿನಿಯರ್. ಬೆಲಿ ಸುಮಾರು 100 ಡಾಲರ್. ಅದಕ್ಕ ದನಿ ಇರಲಿಲ್ಲ, ಬಣ್ಣ ಇರಲಿಲ್ಲ. ಪರದಿ ಮ್ಯಾಲೆ ಬಣ್ಣದ ಪ್ಲಾಸ್ಟಿಕ್ ಹಾಳಿ ಅಂಟಿಸ್ಕಂಡು ಆಡಬೇಕಿತ್ತು. ಪೆಟ್ಟಿಗಿ ಸಂಗಡ ದಾಳ, ಎಲಿ, ಕಾಗದದ ನೋಟು ಸೈತ ಕೊಡ್ತಿದ್ರು. ಅಂದ್ರ ಅರ್ಧ ಟಿವಿ, ಅರ್ಧ ಚೌಕಾಬಾರ. 1977ಕ್ಕ ಅಟಾರಿ ಕಂಪನಿಯ ಪೆಟ್ಟಿಗಿ ಬಂತು, 199 ಡಾಲರ್. ಅದ್ರಾಗ ಕ್ಯಾಸೆಟ್ ಬದಲು ಮಾಡಿದ್ರ ಆಟ ಬದಲು. ಬೆಲಿ ಜಗಳದ ಬೇರು ಇಲ್ಲೈತಿ: ಪೆಟ್ಟಿಗಿ ಒಂದು ಸಲ ಕೊಂಡ್ರ ಮುಗೀತು, ಕ್ಯಾಸೆಟ್ ಮಾತ್ರ ಕೊಳ್ಳೋದು ಮುಗಿಯಂಗಿಲ್ಲ.

ಎಲ್ಲರೂ ಕ್ಯಾಸೆಟ್ ಮಾಡಾಕ ಹತ್ತಿದ್ರು, ಕೆಟ್ಟ ಆಟ ಪ್ಯಾಟ್ಯಾಗ ತುಂಬಿದ್ವು, 1983ರಾಗ ಅಮೆರಿಕದ ವ್ಯಾಪಾರ ಕುಸೀತು. ಮಾರದೇ ಉಳಿದ ಕ್ಯಾಸೆಟ್‌ನ ಅಟಾರಿ ನ್ಯೂ ಮೆಕ್ಸಿಕೋದ ಮರಳುಗಾಡಿನಾಗ ಹೂತು ಹಾಕ್ತು. 2014ರಾಗ ಅಗದು ತಗದ್ರು. ಟಮೋಟ ರೇಟು ಬಿದ್ದಾಗ ರಸ್ತಿಗೆ ಸುರಿಯೋದು ಕಂಡ ನಮಗ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಅದೇ ವರ್ಷ ಜುಲೈ 15ಕ್ಕ ಜಪಾನಿನ ನಿಂಟೆಂಡೋ ತನ್ನ ಫ್ಯಾಮಿಕಾಂ ಪೆಟ್ಟಿಗಿ ತಂತು, 14,800 ಯೆನ್. ಈ ನಿಂಟೆಂಡೋ ಹೊಸ ಕಂಪನಿ ಅಲ್ಲ. 1889ರಾಗ ಕ್ಯೋಟೋ ಊರಾಗ ಹೂವಿನ ಚಿತ್ರದ ಇಸ್ಪೀಟ್ ಎಲಿ ಮಾಡಾಕ ಶುರುವಾದ ಅಂಗಡಿ. ಫ್ಯಾಮಿಕಾಂ ಅಂದ್ರ ಫ್ಯಾಮಿಲಿ ಕಂಪ್ಯೂಟರ್, ಮನಿ ಮಂದಿಯ ಕಂಪ್ಯೂಟರ್. ಎರಡು ಹಿಡಿ ಸಂಗಡ ಬರ್ತಿದ್ವು, ಇಬ್ಬರು ಕುಂತು ಆಡಬೇಕು ಅಂತ. ಆದ್ರ ಅದೇ ಕಂಪನಿ 1989ರಾಗ ಕೈಯಾಗ ಹಿಡಿಯೋ ಆಟ ತಂದಾಗ ಇಟ್ಟ ಹೆಸರು ಗೇಮ್ ಬಾಯ್. ಅದು ಹುಡುಗ್ರ ಸಾಮಾನು ಅನ್ನೋದು ಹೆಸರಿನಾಗೇ ಬಂದುಬಿಟ್ಟಿತ್ತು.

ನಮ್ಮ ದೇಶಕ್ಕ ಇವು ನೆಟ್ಟಗ ಬರಲಿಲ್ಲ. ಪರದೇಶದ ಬಳಕಿ ಸಾಮಾನು ತರಸಾಕ ಆಗ ಲೈಸೆನ್ಸ್ ಬೇಕಿತ್ತು. 1991ರಾಗ ಬಾಗಿಲು ಅರ್ಧ ತೆರೀತು, ಆದ್ರ ಬಳಕಿ ಸಾಮಾನಿನ ಮ್ಯಾಲಿನ ತಡಿ ಪೂರ್ತಿ ಹೋಗಿದ್ದು 2001ರ ಏಪ್ರಿಲ್ 1ಕ್ಕ. ಹಿಂಗಾಗಿ 1990ರ ದಶಕದಾಗ ನಮ್ಮ ಮಂದಿ ಕಂಡಿದ್ದು ಫ್ಯಾಮಿಕಾಂ ಅಲ್ಲ, ಅದರ ತದ್ರೂಪು. ಸಮುರಾಯ್, ಲಿಟಲ್ ಮಾಸ್ಟರ್, ಟರ್ಮಿನೇಟರ್ ಅಂತ ಹೆಸರು. ಟಿವಿಯ ಆಂಟೆನಾ ತೂತಿಗೆ ವೈರು ಚುಚ್ಚಿ, ಚಾನೆಲ್ ತಿರುವಿ ತಿರುವಿ ಹುಡುಕಬೇಕು. ಕ್ಯಾಸೆಟ್ ಮ್ಯಾಲೆ "9999 ಆಟ" ಅಂತ ಬರದಿರ್ತಿತ್ತು, ಒಳಗಿರೋವು ಬೆರಳೆಣಿಕಿ, ಅವೇ ತಿರುಗಿ ತಿರುಗಿ ಬರ್ತಿದ್ವು. ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡಿಯೋ ಬಂದೂಕಿನಾಟ. ಆಟ ಏಳದಿದ್ರ ಕ್ಯಾಸೆಟ್ ಬುಡಕ್ಕ ಬಾಯಿಂದ ಉಫ್ ಅಂತ ಊದೋದು.

ಕೊಳ್ಳಾಕ ಆಗದವರಿಗೆ ಪ್ಯಾಟಿ ಊರಾಗ ತಾಸಿನ ಲೆಕ್ಕದ ಅಂಗಡಿ ಇದ್ವು. ಒಳಗ ನಾಕು ಟಿವಿ, ಒಂದು ಬೆಂಚು, ಆಡೋರು ಇಬ್ಬರು, ಹಿಂದ ನಿಂತು ನೋಡೋರು ಎಂಟು ಮಂದಿ. ಜಗತ್ತಿನಾಗ ಒಬ್ಬರು ಕೊಂಡು ಆಡೋ ಸಾಮಾನನ್ನ ನಮ್ಮೋರು ಹತ್ತು ಮಂದಿ ಹಂಚ್ಕಂಡು ಅಗ್ಗ ಮಾಡಿದ್ರು. ಆದ್ರ ಆ ಹತ್ತು ಮಂದ್ಯಾಗ ಹುಡುಗಿ ಇರ್ತಿರಲಿಲ್ಲ. ಹುಡುಗಿ ಕೈಗೆ ಹಿಡಿ ಸಿಕ್ಕಿದ್ದು ಮನ್ಯಾಗ ಪೆಟ್ಟಿಗಿ ಇದ್ದಾಗ, ಅದೂ ಅಣ್ಣತಮ್ಮರು ಊಟಕ್ಕ ಎದ್ದಾಗ.

ಈಗ ಕಂಪನಿಗಳ ಒಳಲೆಕ್ಕ ಹೇಳ್ತೀನಿ. ಪೆಟ್ಟಿಗಿನ ಲಾಭ ಇಲ್ಲದೇ, ಒಮ್ಮೊಮ್ಮೆ ನಷ್ಟಕ್ಕ ಮಾರಿ, ಆಟಗಳ ಮ್ಯಾಲೆ ಗಳಿಸೋದು. ಒಲಿ ಅಗ್ಗಕ್ಕ ಕೊಟ್ಟು ಸಿಲಿಂಡರಿನಾಗ ವಸೂಲಿ ಮಾಡಿದಂಗ. ಹಂಗಾಗಿ ಪೆಟ್ಟಿಗಿ ಬೆಲಿ ಮ್ಯಾಲೇ ದೊಡ್ಡ ಯುದ್ಧ. 1995ರ ಮೇ ತಿಂಗಳಾಗ ಲಾಸ್ ಏಂಜಲೀಸ್ ಮೇಳದಾಗ ಸೆಗಾ ಕಂಪನಿ ತನ್ನ ಸ್ಯಾಟರ್ನ್‌ಗೆ 399 ಡಾಲರ್ ಅಂತ ಹೇಳ್ತು. ಆಮ್ಯಾಲೆ ಸೋನಿ ಕಡಿಯ ಸ್ಟೀವ್ ರೇಸ್ ವೇದಿಕಿ ಮ್ಯಾಲೆ ಬಂದು "299" ಅಂತ ಒಂದೇ ಅಂಕಿ ಹೇಳಿ ಇಳಿದು ಹೋದ್ರು. ಪ್ಲೇಸ್ಟೇಷನ್ ಗೆದ್ದು ಬಿಡ್ತು. 2000ದಾಗ ಬಂದ ಪ್ಲೇಸ್ಟೇಷನ್ 2 ಡಿವಿಡಿನೂ ಹಾಕ್ತಿತ್ತು. "ಸಿನಿಮಾ ನೋಡಾಕೂ ಬರ್ತೈತಿ" ಅಂತ ಹೇಳಿ ಎಷ್ಟೋ ಮಕ್ಕಳು ಅಪ್ಪನ್ನ ಒಪ್ಪಿಸ್ಯಾರ. 299 ಡಾಲರಿಗೆ ಬಂದದ್ದು 2009ಕ್ಕ 99 ಡಾಲರಿಗೆ ಇಳೀತು. 15 ಕೋಟಿಗೂ ಮ್ಯಾಲೆ ಮಾರಾಟ ಆತು. ಅದೇ 2009ರಾಗ ನಮ್ಮ ಹನುಮಂತನ ಮ್ಯಾಲೆ "ಹನುಮಾನ್: ಬಾಯ್ ವಾರಿಯರ್" ಅಂತ ಇಲ್ಲೇ ತಯಾರಾದ ಆಟ ಈ ಪೆಟ್ಟಿಗಿಗೆ ಬಂತು.

2006ರಾಗ ಸೋನಿ ಸೊಕ್ಕು ಮಾಡ್ತು. ಪ್ಲೇಸ್ಟೇಷನ್ 3ಕ್ಕ 499 ಮತ್ತು 599 ಡಾಲರ್ ಇಟ್ರು. ಜನ ಬೈದ್ರು. ಅದೇ ಹೊತ್ತಿಗೆ ನಿಂಟೆಂಡೋ ಕಂಪನಿಯ ವೀ ಅನ್ನೋ ಪೆಟ್ಟಿಗಿ 249 ಡಾಲರಿಗೆ ಬಂತು. ಚಿತ್ರದ ಅಂದದಾಗ ಅದು ಬಡವಿ, ಆದ್ರ ಕೈ ಬೀಸಿದ್ರ ಟೆನಿಸ್, ಚೆಂಡು ಉರುಳಿಸಿದಂಗ ಮಾಡಿದ್ರ ಬೌಲಿಂಗ್. ಅಜ್ಜಿ, ಸೊಸಿ, ಮೊಮ್ಮಗಳು ಎಲ್ಲರೂ ಆಡಿದ್ರು. ವೀ 10 ಕೋಟಿ ದಾಟ್ತು, ಪ್ಲೇಸ್ಟೇಷನ್ 3 ಒಂಬತ್ತು ಕೋಟಿ ಮುಟ್ಟಲಿಲ್ಲ. ಈ ಚರಿತ್ರ್ಯಾಗ ನನಗ ಭಾಳ ಹಿಡಿಸಿದ ಪಾಠ ಇದು: ಹೆಚ್ಚು ಕೈಗೆ ಒಗ್ಗಿದ್ದು ಗೆಲ್ತು.

ಈಗ ನಮ್ಮ ಅಳತಿಗೆ ಬರೋಣ. ಪ್ಲೇಸ್ಟೇಷನ್ 3 ಭಾರತಕ್ಕ 2007ರ ಏಪ್ರಿಲ್‌ನಾಗ ಬಂತು, 39,990 ರೂಪಾಯಿ. 2007-08ರಾಗ ಶೇಂಗಾದ ಬೆಂಬಲ ಬೆಲೆ ಕ್ವಿಂಟಲ್‌ಗೆ 1,550. ಅಂದ್ರ ಒಂದು ಪೆಟ್ಟಿಗಿಗೆ ಸುಮಾರು 26 ಕ್ವಿಂಟಲ್ ಶೇಂಗಾ! ನಮ್ಮ ಮಳಿ ನಂಬಿದ ಹೊಲದಾಗ ಎಕರೆಗೆ ಎಷ್ಟು ಬರ್ತೈತಿ ಅಂತ ನಿಮಗೇ ಗೊತ್ತು. ಬಂಗಾರದಾಗ ಹೇಳಿದ್ರ ಆಗ ಹತ್ತು ಗ್ರಾಂ ಸುಮಾರು ಹತ್ತು ಸಾವಿರ. ಪೆಟ್ಟಿಗಿ ಅಂದ್ರ ನಲವತ್ತು ಗ್ರಾಂ, ಒಂದು ಸರ.

ಪ್ಲೇಸ್ಟೇಷನ್ 5 ಭಾರತಕ್ಕ ಬಂದಿದ್ದು 2021ರ ಫೆಬ್ರವರಿ 2ಕ್ಕ, 49,990 ರೂಪಾಯಿ. ಅದಾಗಿ ಆರು ದಿನಕ್ಕ, 8ನೇ ತಾರೀಖು, ನಮ್ಮ ವಿಜಯನಗರ ಜಿಲ್ಲೆಯ ಆದೇಶ ಆತು. ಆ ವರ್ಷದ ಶೇಂಗಾ ಬೆಂಬಲ ಬೆಲೆ 5,275. ಲೆಕ್ಕ ಹಾಕ್ರಿ, ಒಂಬತ್ತೂವರಿ ಕ್ವಿಂಟಲ್. ಬಂಗಾರ ಹತ್ತು ಗ್ರಾಂ. 2022ರ ನವೆಂಬರಿಗೆ ಬೆಲಿ 54,990 ಆತು. 2025-26ರ ಶೇಂಗಾ ಬೆಂಬಲ ಬೆಲೆ 7,263 ಹಿಡದ್ರ ಏಳೂವರಿ ಕ್ವಿಂಟಲ್, ಬಂಗಾರದಾಗ ಐದು ಗ್ರಾಂ ಬರೋದೂ ಕಷ್ಟ. ಹಂಗಾದ್ರ ಅಗ್ಗ ಆತಲ್ಲ? ಒಂದು ಕಡಿಯಿಂದ ಹೌದು. ಆದ್ರ ಬೆಂಬಲ ಬೆಲೆ ಬ್ಯಾರೆ, ಬೀಜ, ಗೊಬ್ಬರ, ಕೂಲಿ ಕಳದು ಕೈಗೆ ಉಳಿಯೋದು ಬ್ಯಾರೆ. ಮತ್ತ ಹತ್ತು ವರ್ಷಕ್ಕ ಪೆಟ್ಟಿಗಿ ಗುಜರಿ, ಬಂಗಾರ ಬಂಗಾರನೇ.

ಸರ್ಕಾರನೂ ಆಟಕ್ಕ ಬೆಲಿ ಕಟ್ಟೈತಿ. 2017ರಾಗ ಜಿಎಸ್‌ಟಿ ಬಂದಾಗ ಚದುರಂಗ, ಕೇರಂ, ಲೂಡೋ ಹಲಗಿಗೆ ಶೇಕಡಾ 12, ಕನ್ಸೋಲಿಗೆ ಶೇಕಡಾ 28. ಹಲಗಿ ಆಟ ಮಕ್ಕಳದ್ದು, ಪೆಟ್ಟಿಗಿ ಆಟ ಶೋಕಿ ಅಂತ. 2019ರ ಜನವರಿಯಿಂದ ಕನ್ಸೋಲಿಂದು 18ಕ್ಕ ಇಳೀತು. ಇನ್ನೊಂದು ಹೊಸ ಸಂಗತಿ: ಹಿಂದ ವರ್ಷ ಕಳದಂಗ ಪೆಟ್ಟಿಗಿ ಬೆಲಿ ಇಳೀತಿತ್ತು. ಈಗ ಹಳೇ ಪೆಟ್ಟಿಗಿ ಬೆಲಿನೇ ಏರ್ತೈತಿ. 2025ರ ಆಗಸ್ಟ್‌ನಾಗ ಅಮೆರಿಕದಾಗೂ ಐದು ವರ್ಷದ ಪ್ಲೇಸ್ಟೇಷನ್ 5ಕ್ಕ 50 ಡಾಲರ್ ಏರಿಸಿದ್ರು. "ತಡದ್ರ ಅಗ್ಗ ಆಗ್ತೈತಿ" ಅನ್ನೋ ನಮ್ಮ ಹಳೇ ಬುದ್ಧಿಮಾತು ಇಲ್ಲಿ ನಡಿಯವಲ್ದು.

ಹುಡುಗ್ರ ತಾಸಿನ ಲೆಕ್ಕನೂ ನೋಡಿಬಿಡೋಣ. 55 ಸಾವಿರ, ದಿನಕ್ಕ ಒಂದು ತಾಸು, ಐದು ವರ್ಷ: ತಾಸಿಗೆ ಮೂವತ್ತು ರೂಪಾಯಿ. ಸರಿನೇ ಐತಿ. ಆದ್ರ ಅದ್ರಾಗ ಆಟಗಳ ರೊಕ್ಕ ಸೇರಿಲ್ಲ. ದೊಡ್ಡ ಹೊಸ ಆಟ ಒಂದಕ್ಕೇ ಐದು ಸಾವಿರದ ಹತ್ರ. ವರ್ಷಕ್ಕ ನಾಕು ಅಂದ್ರ ಐದು ವರ್ಷಕ್ಕ ಒಂದು ಲಕ್ಷ, ಪೆಟ್ಟಿಗಿಗಿಂತ ಜಾಸ್ತಿ. ತಾಸಿಗೆ ಎಂಬತ್ತೈದು ರೂಪಾಯಿ ಆತು. ಅದಕ್ಕ ಒಂದು ಮಾತು ನೆನಪಿಟ್ಗಳ್ರಿ: ಡಿಸ್ಕ್ ಹಾಕೋ ಪೆಟ್ಟಿಗಿ, ಡಿಸ್ಕ್ ಇಲ್ಲದ ಪೆಟ್ಟಿಗಿ ಅಂತ ಎರಡು ಬರ್ತಾವ. 2021ರಾಗ ಎರಡನೇದು ಹತ್ತು ಸಾವಿರ ಕಡಿಮಿ, 39,990 ಇತ್ತು. ಕಡಿಮಿ ಅಂತ ಅದನ್ನ ತಂದ್ರ ಡಿಸ್ಕ್ ಎರವಲು ತರಂಗಿಲ್ಲ, ಆಡಿ ಮುಗಿಸಿ ಮಾರಂಗಿಲ್ಲ, ಪಕ್ಕದ ಮನ್ಯವರ ಸಂಗಡ ಅದಲುಬದಲು ಇಲ್ಲ. ಹಂಚ್ಕಳ್ಳೋ ದಾರಿ ಮುಚ್ಚಿದ ಸಾಮಾನು ಕಡಿಗೆ ತುಟ್ಟಿನೇ ಬೀಳ್ತೈತಿ.

ನಮ್ಮ ಹಳ್ಳಿಗಳಾಗ ಬಾಳ ಮಂದಿ ಈ ಪೆಟ್ಟಿಗಿ ಮೆಟ್ಟಿಲು ಹತ್ತದೇನೇ ಮೊಬೈಲಿಗೆ ಹಾರ್ಯಾರ. 2020ರ ಲಾಕ್‌ಡೌನ್‌ನಾಗ ಲೂಡೋ ಆಡದ ಮನಿ ಯಾವುದಿತ್ತು? ನಾವೂ ಆಡಿದ್ವಿ, ಪುಕ್ಕಟೆ ಅಂತ. ಹಿಂದಿನಿಂದ ರಮ್ಮಿ, ಬೆಟ್ಟಿಂಗ್ ಬಂದು ಎಷ್ಟೋ ಮನಿ ತೊಳದ್ವು. 2025ರಾಗ ಕೇಂದ್ರ ಸರ್ಕಾರ ರೊಕ್ಕ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧ ಮಾಡೋ ಕಾನೂನು ತಂತು. ಅದನ್ನೂ ಈ ಪೆಟ್ಟಿಗಿ ಆಟವನ್ನೂ ಒಂದೇ ತಕ್ಕಡ್ಯಾಗ ಹಾಕಬ್ಯಾಡ್ರಿ. ಪೆಟ್ಟಿಗಿಗೆ ಬೆಲಿ ಮ್ಯಾಲೇ ಬರದಿರ್ತೈತಿ, ಅದಕ್ಕ ಬರದಿರಲ್ಲ.

ಈಗ ಮೊದಲು ಹೇಳಿದ ಮಾತಿಗೆ ಬರ್ತೀನಿ. ತಾಸಿಗೆ ಎಷ್ಟು ರೂಪಾಯಿ ಅಂತ ಲೆಕ್ಕ ಹಾಕೋರು ಆ ತಾಸು ಯಾರದು ಅಂತ ಕೇಳಲ್ಲ. 2019ರಾಗ ಸರ್ಕಾರ ದೇಶದ ಮಂದಿ ಹೊತ್ತು ಹೆಂಗ ಕಳೀತಾರ ಅಂತ ಎಣಿಕಿ ಮಾಡಿಸ್ತು. ಸಂಬಳ ಇಲ್ಲದ ಮನಿಗೆಲಸಕ್ಕ, ಅದನ್ನ ಮಾಡೋ ಹೆಣ್ಮಕ್ಕಳು ದಿನಕ್ಕ ಕೊಡೋದು ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. ಸೋನಿಯವರು ವೇದಿಕಿ ಮ್ಯಾಲೆ ಹೇಳಿದ ಅದೇ 299 ನೋಡ್ರಿ! ಅದು ಪೆಟ್ಟಿಗಿ ಬೆಲಿ, ಇದು ನಮ್ಮ ದಿನದ ಬೆಲಿ. ಪೆಟ್ಟಿಗಿ ಮನಿಗೆ ಬರ್ತೈತಿ ಅಂತೀವಿ, ಆದ್ರ ಮಗಳಿಗೆ ಕೂರಾಕ ಹೊತ್ತೇ ಇಲ್ಲಂದ್ರ ಅದು ಮಗನಿಗೆ ಬಂದಂಗ. ಚೌಕಾಬಾರ ಪುಕ್ಕಟೆ ಇದ್ದಾಗಲೂ ನಮಗ ಅದು ಸಿಕ್ಕಿದ್ದು ಮುಸುರಿ ತೊಳದಾದ ಮ್ಯಾಲೇನೇ.

ಅದಕ್ಕ, ತಗಳ್ರಿ, ಬ್ಯಾಡ್ರಿ ಅಂತ ನಾನು ಹೇಳಲ್ಲ. ಶಕ್ತಿ ಇದ್ದೋರು, ಮಕ್ಕಳು ಗಳಿಸಿದ ರೊಕ್ಕದಾಗ ಕೇಳಿದ್ರ, ತಗಳ್ರಿ. ಆಟ ಅಂದ್ರ ಹಾಳು ಅಂತ ಹಂಪಿ ಕಲ್ಲು ಕೊರದೋರೂ ತಿಳಿದಿರಲಿಲ್ಲ. ಸಾಲ ಮಾಡಿ ಮಾತ್ರ ಬ್ಯಾಡ. ತಗಂಡ್ರ ಡಿಸ್ಕ್ ಹಾಕೋದು ತಗಳ್ರಿ, ಎರಡನೇ ಹಿಡಿ ಸಂಗಡ ತಗಳ್ರಿ, ಮಗಳ ಪಾಳಿ ಬಂದಾಗ ಮಗ ರೊಟ್ಟಿ ಹಂಚಿನ ಮುಂದ ಕೂರಲಿ. ಆಗ ಐವತ್ತೈದು ಸಾವಿರ ಇಬ್ಬರಿಗೂ ಹಂಚಿ ಹೋಗ್ತೈತಿ, ಅಗ್ಗನೂ ಆಗ್ತೈತಿ. ನಿಮ್ಮ ಮನ್ಯಾಗ ಈ ಪೆಟ್ಟಿಗಿ ಇದ್ರ ಅದನ್ನ ಯಾರು ಎಷ್ಟು ಹೊತ್ತು ಹಿಡೀತಾರ ಅಂತ ಒಂದು ವಾರ ಗೋಡಿ ಕ್ಯಾಲೆಂಡರ್ ಮ್ಯಾಲೆ ಗೀಟು ಹಾಕಿ ನೋಡ್ರಿ, ನನಗೂ ಬರದು ತಿಳಸ್ರಿ.