ಚಿತ್ರ ಯಾರದೋ, ಬೆಲೆ ಕಟ್ಟುವವರು ಯಾರೋ

1882ರ ಜನವರಿಯಲ್ಲಿ ಆಸ್ಕರ್ ವೈಲ್ಡ್ ಭಾಷಣ ಪ್ರವಾಸಕ್ಕೆಂದು ಅಮೆರಿಕಕ್ಕೆ ಬಂದಾಗ ನ್ಯೂಯಾರ್ಕಿನ ನೆಪೋಲಿಯನ್ ಸರೋನಿ ತನ್ನ ಸ್ಟುಡಿಯೊದಲ್ಲಿ ಅವನ ಫೋಟೊಗಳನ್ನು ತೆಗೆದ. ಅವುಗಳಲ್ಲಿ ಒಂದನ್ನು ಬರೋ-ಜೈಲ್ಸ್ ಎಂಬ ಕಲ್ಲಚ್ಚಿನ ಕಂಪನಿ ಯಾರನ್ನೂ ಕೇಳದೆ 85,000 ಪ್ರತಿ ಅಚ್ಚು ಹಾಕಿತು. ಕಂಪನಿಯ ವಾದ ಸರಳವಾಗಿತ್ತು: ಚಿತ್ರ ಬಿಡಿಸಿದ್ದು ಯಂತ್ರ, ಇಲ್ಲಿ ಕರ್ತೃ ಯಾರು? 1884ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ಭಂಗಿ, ಉಡುಪು, ಬೆಳಕು, ಹಿನ್ನೆಲೆ ಎಲ್ಲವನ್ನೂ ಯೋಚಿಸಿ ಹೊಂದಿಸಿದವನು ಸರೋನಿ, ಆದ್ದರಿಂದ ಕರ್ತೃ ಅವನೇ ಎಂದಿತು. ಅವನಿಗೆ ಸಿಕ್ಕ ಪರಿಹಾರ 610 ಡಾಲರ್. ಫೋಟೊದ ಕರ್ತೃ ಯಾರು ಎಂಬ ಪ್ರಶ್ನೆ ಅಂದೇ ಬಗೆಹರಿಯಿತು. ಫೋಟೊಗೆ ಬೆಲೆ ಕಟ್ಟುವವರು ಯಾರು ಎಂಬುದು ಮಾತ್ರ ಇಂದಿಗೂ ಬಗೆಹರಿದಿಲ್ಲ. ಮೊದಲೇ ತೆಗೆದಿಟ್ಟ ಚಿತ್ರಗಳನ್ನು ಬಳಕೆಗೆ ಕೊಡುವ ಸ್ಟಾಕ್ ಫೋಟೊಗ್ರಾಫರುಗಳು ಬಡವರಾದದ್ದು ಕ್ಯಾಮೆರಾ ಅಗ್ಗವಾದ ಕಾರಣಕ್ಕೆ ಎಂದು ಎಲ್ಲರೂ ಹೇಳುತ್ತಾರೆ. ಈ ವ್ಯಾಪಾರದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ ಎಂದು ನನಗನ್ನಿಸುತ್ತದೆ. ಚಿತ್ರವನ್ನು ಎಲ್ಲಿ ಬಳಸುತ್ತೀರಿ, ಎಷ್ಟು ದಿನ ಬಳಸುತ್ತೀರಿ ಎಂದು ಕೇಳುವುದನ್ನು ವ್ಯಾಪಾರ ನಿಲ್ಲಿಸಿದ ದಿನವೇ ಅವರ ಕೂಲಿ ಕುಸಿಯತೊಡಗಿತು.

ಹಳೆಯ ವ್ಯವಸ್ಥೆಯ ಜೀವಾಳವೇ ಆ ಪ್ರಶ್ನೆ. ಎಚ್. ಆರ್ಮ್‌ಸ್ಟ್ರಾಂಗ್ ರಾಬರ್ಟ್ಸ್ 1920ರಲ್ಲಿ ಫಿಲಡೆಲ್ಫಿಯಾದಲ್ಲಿ ಏಜೆನ್ಸಿ ತೆರೆದ ಕಾಲದಿಂದಲೂ ಒಮ್ಮೆ ತೆಗೆದ ಚಿತ್ರವನ್ನು ಮತ್ತೆ ಮತ್ತೆ ಬಾಡಿಗೆಗೆ ಕೊಡುವ ವ್ಯಾಪಾರ ನಡೆದಿತ್ತು. 1947ರಲ್ಲಿ ರಾಬರ್ಟ್ ಕಾಪಾ, ಆನ್ರಿ ಕಾರ್ತಿಯೆ-ಬ್ರೆಸೋನ್ ಮತ್ತು ಗೆಳೆಯರು ಮ್ಯಾಗ್ನಂ ಏಜೆನ್ಸಿ ಕಟ್ಟಿದ್ದು, ನೆಗೆಟಿವ್ ಮತ್ತು ಹಕ್ಕು ಎರಡೂ ಪತ್ರಿಕೆಯ ಕೈಸೇರದೆ ತೆಗೆದವರ ಬಳಿಯೇ ಉಳಿಯಬೇಕೆಂದು. 1978ರ ಜನವರಿ 1ರಂದು ಜಾರಿಗೆ ಬಂದ ಅಮೆರಿಕದ ಹೊಸ ಹಕ್ಕುಸ್ವಾಮ್ಯ ಕಾಯ್ದೆಯಡಿ, ಬರಹದಲ್ಲಿ ಬಿಟ್ಟುಕೊಡದ ಹೊರತು ಸ್ವತಂತ್ರ ಫೋಟೊಗ್ರಾಫರನ ಚಿತ್ರ ಅವನದೇ ಆಯಿತು. ಆ ದಿನಗಳ ಒಂದು ಸ್ಲೈಡನ್ನು ಕೈಯಲ್ಲಿ ಹಿಡಿದು ನೋಡಿದರೆ ಸಾಕು, ಆ ವ್ಯಾಪಾರ ಅರ್ಥವಾಗುತ್ತದೆ. ಎರಡು ಅಂಗುಲದ ರಟ್ಟಿನ ಚೌಕಟ್ಟು, ಅದರ ಮೇಲೆ ಹೆಸರಿನ ಮೊಹರು, ಕ್ರಮಸಂಖ್ಯೆ, ಜತೆಗೆ ಎಷ್ಟು ಸ್ಲೈಡು ಕಳಿಸಿದೆ, ಯಾವಾಗ ಮರಳಿಸಬೇಕು ಎಂದು ಬರೆದ ಚೀಟಿ. ಒಂದು ಮೂಲ ಸ್ಲೈಡು ಕಳೆದುಹೋದರೆ ಗಿರಾಕಿ 1,500 ಡಾಲರ್ ತೆರಬೇಕು ಎಂಬ ಷರತ್ತು ಆ ಚೀಟಿಗಳಲ್ಲಿ ರೂಢಿಯಾಗಿ ಇರುತ್ತಿತ್ತು. ಮುಖಪುಟಕ್ಕೋ ಒಳಪುಟಕ್ಕೋ, ಎಷ್ಟು ಪ್ರತಿ, ಯಾವ ದೇಶ, ಎಷ್ಟು ತಿಂಗಳು ಎಂದು ಕೇಳಿಯೇ ದರ ಹೇಳುತ್ತಿದ್ದರು. ಬಂದ ಹಣದಲ್ಲಿ ಏಜೆನ್ಸಿಗೆ ಅರ್ಧ, ಫೋಟೊಗ್ರಾಫರನಿಗೆ ಅರ್ಧ ಎಂಬುದು ವಾಡಿಕೆ.

ಈ ಪ್ರಶ್ನೆಗಳನ್ನು ಮೊದಲು ಕೈಬಿಟ್ಟದ್ದು 1990ರ ದಶಕದ ಸಿ.ಡಿ.ಗಳು. ಸಿಯಾಟಲ್‌ನ ಫೋಟೊಡಿಸ್ಕ್‌ನಂಥ ಕಂಪನಿಗಳು ಒಂದೇ ತಟ್ಟೆಯಲ್ಲಿ ನೂರಾರು ಚಿತ್ರ ತುಂಬಿ, ಒಮ್ಮೆ ಕೊಂಡರೆ ಎಷ್ಟು ಬಾರಿಯಾದರೂ ಬಳಸಿಕೊಳ್ಳಿ ಎಂದು ಮಾರಿದವು. ಅದೇ ಹೊತ್ತಿಗೆ ಏಜೆನ್ಸಿಗಳು ಒಂದೊಂದಾಗಿ ದೊಡ್ಡ ಬಂಡವಾಳದ ಕೈಸೇರುತ್ತಿದ್ದವು. 1995ರಲ್ಲಿ ಮಾರ್ಕ್ ಗೆಟ್ಟಿ ಮತ್ತು ಜೊನಾಥನ್ ಕ್ಲೈನ್ ಆರಂಭಿಸಿದ ಕಂಪನಿ ಫೋಟೊಡಿಸ್ಕನ್ನು ಸೇರಿಸಿಕೊಂಡು ಗೆಟ್ಟಿ ಇಮೇಜಸ್ ಆಯಿತು, 1999ರಲ್ಲಿ ಇಮೇಜ್ ಬ್ಯಾಂಕ್ ಎಂಬ ಏಜೆನ್ಸಿಯನ್ನೂ ಕೊಂಡಿತು. ಬಿಲ್ ಗೇಟ್ಸ್‌ರ ಕೊರ್ಬಿಸ್ ಇನ್ನೊಂದು ಕಡೆಯಿಂದ ಹಳೆಯ ಸಂಗ್ರಹಗಳನ್ನು ಕೊಳ್ಳುತ್ತಿತ್ತು. ಹೀಗೆ ಏಜೆನ್ಸಿಗಳು ಕಡಿಮೆಯಾದಂತೆ ಫೋಟೊಗ್ರಾಫರುಗಳೊಡನೆ ಮಾಡುವ ಕರಾರಿನ ಭಾಷೆಯೂ ಬಿಗಿಯಾಯಿತು. ಗೆಟ್ಟಿಯ ಹೊಸ ಕರಾರನ್ನು ವಿರೋಧಿಸಿ 2001ರಲ್ಲಿ ಸ್ಟಾಕ್ ಆರ್ಟಿಸ್ಟ್ಸ್ ಅಲಯನ್ಸ್ ಎಂಬ ಫೋಟೊಗ್ರಾಫರುಗಳ ಸಂಘ ಹುಟ್ಟಿತು, ಸುಮಾರು ಹತ್ತು ವರ್ಷ ಹೆಣಗಿ ಮುಚ್ಚಿಹೋಯಿತು.

ಅಷ್ಟರಲ್ಲಿ ದರ ಡಾಲರಿನಿಂದ ಸೆಂಟಿಗೆ ಇಳಿದಿತ್ತು. 2000ದಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಬ್ರೂಸ್ ಲಿವಿಂಗ್‌ಸ್ಟನ್ ಚಿತ್ರ ಹಂಚಿಕೊಳ್ಳುವ ತಾಣವಾಗಿ ಶುರುಮಾಡಿದ ಐಸ್ಟಾಕ್‌ಫೋಟೊ ಬೇಗನೆ 25 ಸೆಂಟಿಗೆ ಚಿತ್ರ ಮಾರತೊಡಗಿತು. 2006ರಲ್ಲಿ ಗೆಟ್ಟಿ ಅದನ್ನು 5 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ವೈರ್ಡ್ ಪತ್ರಿಕೆಯಲ್ಲಿ ಜೆಫ್ ಹೌ ಒಂದು ಪ್ರಸಂಗ ಬರೆದರು. ಆರೋಗ್ಯ ಕುರಿತ ಮ್ಯೂಸಿಯಂ ಒಂದಕ್ಕೆ ರೋಗಿಗಳ ಚಿತ್ರ ಬೇಕಿತ್ತು. ಫೋಟೊಗ್ರಾಫರ್ ರಿಯಾಯಿತಿ ಮಾಡಿ ಚಿತ್ರಕ್ಕೆ 100ರಿಂದ 150 ಡಾಲರ್ ಹೇಳಿದ. ಮ್ಯೂಸಿಯಂಗೆ ಐಸ್ಟಾಕ್‌ನಲ್ಲಿ ಸುಮಾರು ಒಂದೊಂದು ಡಾಲರಿಗೇ ಚಿತ್ರಗಳು ಸಿಕ್ಕವು. 2003ರಲ್ಲಿ ಬಂದ ಶಟರ್‌ಸ್ಟಾಕ್ ಚಂದಾ ಪದ್ಧತಿ ತಂದ ಮೇಲಂತೂ ಒಂದೊಂದು ಚಿತ್ರಕ್ಕೂ ಬೆಲೆ ಎನ್ನುವ ಲೆಕ್ಕವೇ ಅಳಿಸಿಹೋಯಿತು. ಬಳಕೆ ನೋಡಿ ದರ ಕಟ್ಟುವ ಹಳೆಯ ಪದ್ಧತಿಯನ್ನು ತನ್ನ ವಾಣಿಜ್ಯ ಚಿತ್ರಗಳ ಮಟ್ಟಿಗೆ ನಿಲ್ಲಿಸುವುದಾಗಿ ಗೆಟ್ಟಿಯೇ 2019ರಲ್ಲಿ ಪ್ರಕಟಿಸಿತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಕೋಟಿಗಟ್ಟಲೆ ಜನ ಒಳ್ಳೆಯ ಚಿತ್ರ ತೆಗೆಯಬಲ್ಲರಾದರೆ ಬೆಲೆ ಬಿದ್ದೇ ಬೀಳುತ್ತದೆ, ಇದರಲ್ಲಿ ಕರಾರಿನ ಪಾಪವೇನು? ಬೆಲೆಯ ಮಟ್ಟಿಗೆ ಈ ಮಾತು ನಿಜ. ಆದರೆ ಬಿದ್ದದ್ದು ಬೆಲೆಯೊಂದೇ ಅಲ್ಲ, ಪಾಲೂ ಬಿತ್ತು. ಹಳೆಯ ಏಜೆನ್ಸಿಗಳಲ್ಲಿ ಅರ್ಧವಾಗಿದ್ದ ಪಾಲು, 2010ರ ಐಸ್ಟಾಕ್ ಬದಲಾವಣೆಯ ನಂತರ ಬೇರೆಡೆಯೂ ಮಾರುವ ಫೋಟೊಗ್ರಾಫರುಗಳಿಗೆ ಅಲ್ಲಿ ಶೇ. 15ರಿಂದ 20ರಷ್ಟೇ ಆಗಿತ್ತು. ಬಂದ ಹಣದಲ್ಲಿ ಯಾರಿಗೆಷ್ಟು ಎಂಬುದನ್ನು ಚಿತ್ರಗಳ ಸಂಖ್ಯೆಗಿಂತ ಹೆಚ್ಚಾಗಿ ಕರಾರು ಬರೆಯುವವರ ಬಲ ನಿರ್ಧರಿಸುತ್ತದೆ. 2013ರ ಜನವರಿಯಲ್ಲಿ ಬಯಲಾದ ಸಂಗತಿಯನ್ನಂತೂ ಸಮೃದ್ಧಿಯ ಲೆಕ್ಕದಲ್ಲಿ ವಿವರಿಸಲಾಗದು. ಗೂಗಲ್ ಡ್ರೈವ್ ಬಳಕೆದಾರರೆಲ್ಲರೂ ಉಚಿತವಾಗಿ ಬಳಸುವಂತೆ ಸಾವಿರಾರು ಚಿತ್ರಗಳನ್ನು ಗೆಟ್ಟಿ ಗೂಗಲಿಗೆ ಕೊಟ್ಟಿತ್ತು. ತೆಗೆದವರಿಗೆ ಅದು ಗೊತ್ತಾದದ್ದು ಆಮೇಲೆ. ಕೆಲವರ ಖಾತೆಗೆ ಒಂದು ಚಿತ್ರಕ್ಕೆ ಒಂದೇ ಬಾರಿ 12 ಡಾಲರ್ ಬಂದಿತ್ತು. ಫೆಬ್ರುವರಿ 2ರಂದು ಅನೇಕರು ಪ್ರತಿಭಟಿಸಿ ತಮ್ಮ ಚಿತ್ರಗಳನ್ನು ಹಿಂತೆಗೆದುಕೊಂಡರು.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಹಳೆಯ ಏಜೆನ್ಸಿಗಳ ಬಾಗಿಲು ಕೆಲವೇ ಮಂದಿಗೆ ತೆರೆದಿತ್ತು. ಹೊಸ ತಾಣಗಳಿಂದ ವಿದ್ಯಾರ್ಥಿಗಳು, ಮನೆಯಲ್ಲಿರುವ ಹೆಂಗಸರು, ದೂರದೂರದ ಸಣ್ಣ ಊರುಗಳವರು ಮೊದಲ ಬಾರಿ ಚಿತ್ರ ಮಾರಿ ಹಣ ಕಂಡರು. ಇದನ್ನು ಹಗುರವಾಗಿ ಕಾಣಬಾರದು. ಆದರೆ ಪೆಟ್ಟು ಬಿದ್ದದ್ದೂ ಅವರಿಗೇ. 2020ರ ಜೂನ್‌ನಲ್ಲಿ ಶಟರ್‌ಸ್ಟಾಕ್ ಶೇ. 15ರಿಂದ 40ರವರೆಗಿನ ಪಾಲಿನ ಆರು ಮೆಟ್ಟಿಲು ಮಾಡಿ, ಪ್ರತಿ ಜನವರಿ 1ಕ್ಕೆ ಎಲ್ಲರನ್ನೂ ಮತ್ತೆ ಕೆಳಗಿನ ಮೆಟ್ಟಿಲಿಗೆ ತಂದು ನಿಲ್ಲಿಸುವ ನಿಯಮ ತಂದಿತು. ಒಂದು ಡೌನ್‌ಲೋಡಿಗೆ ಹತ್ತು ಸೆಂಟಷ್ಟೇ ಬರುವುದೂ ಸಾಧ್ಯವಾಯಿತು. ಹಾಗಾದರೆ ಒಗ್ಗಟ್ಟಾಗಿ ದರ ಕೇಳಬಾರದಿತ್ತೇ? ಅಮೆರಿಕದ ಕಾನೂನಿನಲ್ಲಿ ಇವರು ನೌಕರರಲ್ಲ, ಸ್ವತಂತ್ರ ವ್ಯಾಪಾರಿಗಳು. ಒಟ್ಟುಗೂಡಿ ದರ ನಿಗದಿ ಮಾಡಿದರೆ ಸ್ಪರ್ಧಾ ಕಾನೂನಿನಡಿ ಅದೇ ಅಪರಾಧವಾಗುತ್ತದೆ. ಹೀಗಾಗಿ ಉಳಿದ ದಾರಿ ಸಹಕಾರದ್ದು. 2013ರಲ್ಲಿ ಲಿವಿಂಗ್‌ಸ್ಟನ್ ಮತ್ತು ಬ್ರಿಯಾನಾ ವೆಟ್ಲಾಫರ್ ಕಟ್ಟಿದ ಸ್ಟಾಕ್ಸಿ ಸಹಕಾರಿ ಸಂಸ್ಥೆಯಲ್ಲಿ ಸಾಮಾನ್ಯ ಪರವಾನಗಿಗೆ ಅರ್ಧ, ವಿಸ್ತೃತ ಪರವಾನಗಿಗೆ ಶೇ. 75 ಪಾಲು ಸದಸ್ಯರಿಗೇ ಸೇರಿತು. ಅದು ಎಲ್ಲರನ್ನೂ ಸೇರಿಸಿಕೊಳ್ಳಲಾರದು, ನಿಜ. ಅರ್ಧ ಪಾಲು ಕೊಟ್ಟರೆ ವ್ಯಾಪಾರವೇ ನಡೆಯದು ಎಂಬ ಮಾತನ್ನಂತೂ ಸುಳ್ಳು ಮಾಡಿತು.

ಈ ಕರಾರಿನ ಪ್ರಶ್ನೆ ನಮ್ಮಲ್ಲೂ ಮುಖ್ಯ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ತಾನಾಗಿ ತೆಗೆದು ಸಂಗ್ರಹಕ್ಕೆ ಹಾಕುವ ಚಿತ್ರವಾದರೆ ಒಡೆತನ ಫೋಟೊಗ್ರಾಫರನದು. ಅಂದರೆ ಬೆಂಗಳೂರಿನಿಂದಲೋ ಶಿವಮೊಗ್ಗದಿಂದಲೋ ಸ್ಟಾಕ್ ತಾಣಕ್ಕೆ ಚಿತ್ರ ಏರಿಸುವವರು ಬಹುಪಾಲು ತಮ್ಮದೇ ಆಸ್ತಿಯನ್ನು ಒಂದು ಗುಂಡಿ ಒತ್ತಿ ಕರಾರಿಗೆ ಒಪ್ಪಿಸುತ್ತಿದ್ದಾರೆ.

ಆ ಕರಾರು ಎಷ್ಟು ದೂರ ಚಾಚಬಲ್ಲದು ಎಂಬುದು ಈಚೆಗೆ ಸ್ಪಷ್ಟವಾಗಿದೆ. 2023ರ ಮಾರ್ಚಿನಲ್ಲಿ ಅಡೋಬಿ ಚಿತ್ರ ಸೃಷ್ಟಿಸುವ ತನ್ನ ಎಐ ಫೈರ್‌ಫ್ಲೈಯನ್ನು ಹೊರತಂದಾಗ ಅಡೋಬಿ ಸ್ಟಾಕ್‌ನ ಚಿತ್ರಗಳಿಂದ ಅದಕ್ಕೆ ತರಬೇತಿ ಆಗಿಹೋಗಿತ್ತು. ಚಿತ್ರ ಕೊಟ್ಟವರಿಗೆ ಮೊದಲ ಬೋನಸ್ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ತನ್ನ 1.2 ಕೋಟಿಗೂ ಹೆಚ್ಚು ಚಿತ್ರಗಳನ್ನು ಅನುಮತಿಯಿಲ್ಲದೆ ನಕಲು ಮಾಡಿದೆ ಎಂದು ಅದೇ ವರ್ಷ ಗೆಟ್ಟಿ ಸ್ಟೆಬಿಲಿಟಿ ಎಐ ಎಂಬ ಕಂಪನಿಯ ಮೇಲೆ ಅಮೆರಿಕದಲ್ಲಿ ಮೊಕದ್ದಮೆ ಹೂಡಿತು. ಚಿತ್ರವನ್ನು ಯಾವುದಕ್ಕೆ ಬಳಸುತ್ತೀರಿ ಎಂದು ಮೊದಲು ಕೇಳಬೇಕಿತ್ತು, ಹಣ ಕೊಡಬೇಕಿತ್ತು ಎಂಬುದು ಅದರ ದೂರು. ನ್ಯಾಯವಾದ ದೂರೇ. ಗೂಗಲ್ ಡ್ರೈವ್ ಒಪ್ಪಂದದ ವೇಳೆ ಫೋಟೊಗ್ರಾಫರುಗಳು ಗೆಟ್ಟಿಯ ಮುಂದೆ ಇಟ್ಟಿದ್ದೂ ಇದನ್ನೇ. ತರಬೇತಿಗೆ ಕೊಡುವ ಮುನ್ನ ತಮ್ಮನ್ನು ಕೇಳಬೇಕು, ಯಾರಿಗೆ ಎಷ್ಟಕ್ಕೆ ಕೊಟ್ಟಿರಿ ಎಂಬ ಲೆಕ್ಕ ತೋರಿಸಬೇಕು ಎಂಬ ಫೋಟೊಗ್ರಾಫರುಗಳ ಬೇಡಿಕೆ ಈಗ ಎಲ್ಲ ತಾಣಗಳ ಎದುರೂ ನಿಂತಿದೆ.